ಕಿಟಕಿಯ ಆಯುಷ್ಯ

ಕಿಟಕಿಗೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಹೆಸರುಗಳಿವೆ! ಕಿಂಡಿ, ಬೆಳಕಿಂಡಿ, ಗವಾಕ್ಷ, ವಾತಾಯನ, ಜಾಲಂಧ್ರ. ಬೆಳಕಿಂಡಿ ಎಂದರೆ ಬೆಳಕು ಬರುವ ಕಿಂಡಿ. ಗವಾಕ್ಷವೆಂದರೆ ಗೋವಿನ ಕಣ್ಣು. ವಾತಾಯನವೆಂದರೆ ಗಾಳಿ ಬರುವ ದಾರಿ. ಜಾಲಂಧ್ರವೆಂದರೆ ಬಲೆಯ ಹಾಗೆ ತೂತುಗಳಿರುವುದು. ಇಂಗ್ಲಿಷಿನ ‘ವಿಂಡೋ’ ಎಂಬ ಪದವೂ ಉತ್ತರ ಯುರೋಪಿನ ಹಳೆಯ ಭಾಷೆಯೊಂದರಲ್ಲಿ ‘ಗಾಳಿಯ ಕಣ್ಣು’ ಎಂಬ ಅರ್ಥವಿದ್ದ ಮಾತಿನಿಂದ ಬಂದದ್ದಂತೆ. ಊರು ಯಾವುದಾದರೇನು, ಕಿಟಕಿಯೆಂದರೆ ಜನಕ್ಕೆ ನೆನಪಾಗುತ್ತಿದ್ದುದು ಗಾಳಿ, ಬೆಳಕು ಮತ್ತು ನೋಟ, ಈ ಮೂರೇ. ಈಗ ನಮ್ಮ ಪೇಟೆಗಳಿಗೆ ಗಾಳಿಯನ್ನು ಹೊರಗಿಟ್ಟು ಬೆಳಕು, ನೋಟಗಳನ್ನು ಮಾತ್ರ ಒಳಗೆ ಬಿಡುವ ಹೊಸ ಕಿಟಕಿ ಬಂದಿದೆ. ಎರಡು ಗಾಜುಗಳನ್ನು ಜೋಡಿಸಿ ಅಂಚನ್ನೆಲ್ಲ ಭದ್ರವಾಗಿ ಸೀಲ್ ಮಾಡಿದ ಕಿಟಕಿ ಅದು.

ನಮ್ಮ ಮನೆಯಲ್ಲಿ ಅದರ ಮಾತು ಬಂದದ್ದು ಅತ್ತೆಯವರ ನಿದ್ದೆಯ ಕಾರಣಕ್ಕೆ. ಅರಸೀಕೆರೆಯಲ್ಲಿ ನಮ್ಮ ಮನೆ ಬಿ.ಎಚ್. ರಸ್ತೆಗೆ ಹತ್ತಿರ. ರಾತ್ರಿಯಿಡೀ ಲಾರಿಗಳ ಓಡಾಟ, ಹಾರ್ನು, ಧೂಳು. ಎಂಬತ್ತು ದಾಟಿದ ಅತ್ತೆಯವರಿಗೆ ಕಿವಿ ಇನ್ನೂ ಚುರುಕು, ನಿದ್ದೆ ಮಾತ್ರ ತೆಳುವಾಗಿಬಿಟ್ಟಿದೆ. ಬೆಂಗಳೂರಿನಲ್ಲಿರುವ ಮಗ ಬಂದವನು, “ಅಮ್ಮಾ, ಈ ಹಳೇ ಮರದ ಕಿಟಕಿಗಳನ್ನೆಲ್ಲ ತೆಗೆಸಿ ಡಬಲ್ ಗಾಜಿನವು ಹಾಕಿಸೋಣ. ಅಜ್ಜಿ ನೆಮ್ಮದಿಯಾಗಿ ಮಲಗಲಿ” ಅಂದ. ನಮ್ಮ ಯಜಮಾನರು ಕೇಳಿದ್ದು ಒಂದೇ ಮಾತು: “ಎಷ್ಟು ವರ್ಷ ಬಾಳಿಕೆ ಬರುತ್ತೋ?” ಮಗನಲ್ಲಿ ಉತ್ತರವಿರಲಿಲ್ಲ. ಅಂಗಡಿಯವರು “ಲೈಫ್‌ಲಾಂಗ್ ಸಾರ್” ಅಂದರಂತೆ. ಯಾರ ಲೈಫು ಎಂದು ಕೇಳಬೇಕಿತ್ತು.

ಸಮಾಜ ಪಾಠ ಹೇಳುವವಳಿಗೆ ಬಾಳಿಕೆ ಎಂದ ಕೂಡಲೇ ಬೇಲೂರು ನೆನಪಾಗುವುದು ಸಹಜ. ಪ್ರವಾಸದ ಹೆಸರಿನಲ್ಲಿ ಮಕ್ಕಳನ್ನು ಕರೆದುಕೊಂಡು ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ಬೇಲೂರಿಗೆ ನಾನು ಹೋಗದ ವರ್ಷ ಕಡಿಮೆ. ಚೆನ್ನಕೇಶವ ದೇವಾಲಯದೊಳಗೆ ಕಾಲಿಟ್ಟ ಕೂಡಲೇ ಮಕ್ಕಳು “ಮಿಸ್, ಎಷ್ಟು ಕತ್ತಲೆ!” ಎನ್ನುತ್ತಾರೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದಾಗ ಅಲ್ಲಿ ಇಷ್ಟು ಕತ್ತಲೆ ಇರಲಿಲ್ಲ. ನವರಂಗ ಆಗ ತೆರೆದ ಮಂಟಪ. ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನು ನಿಲ್ಲಿಸಿ ಮುಚ್ಚಿದ್ದು ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ, ಅಂದರೆ 1173ರಿಂದ 1220ರೊಳಗೆ. “ಅಜ್ಜ ತೆರೆದಿಟ್ಟ ಜಗಲಿಗೆ ಮೊಮ್ಮಗ ಗ್ರಿಲ್ ಹಾಕಿಸಿದ ಹಾಗೆ” ಎಂದರೆ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಆ ಜಾಲಂಧ್ರಗಳ ಮುಂದೆ ನಾನು ಎಷ್ಟು ಸಲ ನಿಂತರೂ ಬೇಸರವಾಗಿಲ್ಲ. ಕೆಲವು ಬರೀ ಹೂವು, ನಕ್ಷತ್ರ, ಚೌಕಗಳ ಹೆಣಿಗೆ. ಹತ್ತರಲ್ಲಿ ಪುರಾಣದ ಕಥೆಗಳಿವೆ. ಪೂರ್ವದ ಬಾಗಿಲ ಪಕ್ಕದಲ್ಲಿ ಅರಸನೊಬ್ಬನ ಒಡ್ಡೋಲಗ. ಅದು ವಿಷ್ಣುವರ್ಧನನದೇ ಎಂದು ತಿಳಿದವರು ಹೇಳುತ್ತಾರೆ. ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಆ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಈ ಕಿಟಕಿಗೆ ರೆಕ್ಕೆಯಿಲ್ಲ, ಚಿಲಕವಿಲ್ಲ, ಕೀಲಿಲ್ಲ. ತುಕ್ಕು ಹಿಡಿಯಲು ಕಬ್ಬಿಣವಿಲ್ಲ, ಗೆದ್ದಲು ತಿನ್ನಲು ಮರವಿಲ್ಲ. ಒಳಗೆ ನಿಂತರೆ ಹೊರಗಿನವರು ಕಾಣುತ್ತಾರೆ, ಹೊರಗಿನವರಿಗೆ ಒಳಗಿರುವವರು ಕಾಣುವುದಿಲ್ಲ. ಎಂಟು ನೂರು ವರ್ಷಗಳಿಂದ ಗಾಳಿಯನ್ನು ಸೋಸಿ ಒಳಗೆ ಬಿಡುತ್ತಲೇ ಇವೆ.

ಹಾಗಾದರೆ ಕಲ್ಲಿಗೆ ಸಾವಿಲ್ಲವೆ? ಇದೆ. ಅದೇ ಊರಿನ ಚರಿತ್ರೆ ಅದನ್ನೂ ಹೇಳುತ್ತದೆ. 1381ರಲ್ಲಿ, ವಿಜಯನಗರದ ಇಮ್ಮಡಿ ಹರಿಹರನ ಕಾಲಕ್ಕೆ, ದೇವಾಲಯದೊಳಗೆ ಆಸರೆಯಾಗಿ ನಾಲ್ಕು ಕಣಶಿಲೆಯ ಕಂಬಗಳನ್ನು ನಿಲ್ಲಿಸಬೇಕಾಯಿತು. 1397ರಲ್ಲಿ ಅದೇ ಅರಸನ ಅಧಿಕಾರಿ ಗುಂಡನು ಹಾಳಾಗಿದ್ದ ಮಹಾದ್ವಾರದ ಗೋಪುರವನ್ನು ಮತ್ತೆ ಕಟ್ಟಿಸಿದ. ಇತ್ತ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೂ ಅಂಥದೇ ಜಾಲಂಧ್ರಗಳಿವೆ, ಅದೇ ಕಲ್ಲು, ಅದೇ ಕೈಚಳಕ. 1121ರ ಸುಮಾರಿಗೆ ಆರಂಭವಾದ ಕೆಲಸ. 1311ರಲ್ಲಿ ಮಲಿಕ್ ಕಾಫರನ ದಾಳಿ, ಮುಂದೆ ತುಘಲಕರ ಸೈನ್ಯದ ದಾಳಿ. ದ್ವಾರಸಮುದ್ರವೆಂಬ ರಾಜಧಾನಿ ಬರಿದಾಗಿ ‘ಹಳೆಯ ಬೀಡು’ ಎಂಬ ಹೆಸರೇ ಉಳಿಯಿತು. ಬಿದ್ದ ಶಿಲ್ಪಗಳನ್ನು ಈಗ ಪಕ್ಕದ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಸಾಲಾಗಿ ಇಟ್ಟಿದ್ದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಮ್ಮ ಜಿಲ್ಲೆಗೆಲ್ಲ ಸಂಭ್ರಮ. ನಾನು ಮಕ್ಕಳಿಗೆ ಹೇಳುವುದು ಇಷ್ಟು: ಬೇಲೂರು ಉಳಿದಿರುವುದು ಕಲ್ಲಿನ ಗಟ್ಟಿತನದಿಂದ ಮಾತ್ರವಲ್ಲ. ಕುಸಿದಾಗ ಕಂಬ ಕೊಟ್ಟವರು, ಬಿದ್ದಾಗ ಎತ್ತಿ ಕಟ್ಟಿದವರು ಕಾಲಕಾಲಕ್ಕೆ ಅಲ್ಲಿ ಇದ್ದರು.

ನಮ್ಮ ಅರಸೀಕೆರೆಯ ಶಿವಾಲಯ 1220ರದು. ಅತ್ತ ಬೇಲೂರಿನಲ್ಲಿ ತೆರೆದ ಮಂಟಪವನ್ನು ಮುಚ್ಚಿದ ಕಾಲಕ್ಕೇ ಇತ್ತ ನಕ್ಷತ್ರದ ಆಕಾರದ ತೆರೆದ ಮಂಟಪವನ್ನು ಕಟ್ಟಿದರು. ಗುಮ್ಮಟದಂಥ ಅದರ ಮಾಳಿಗೆಯ ಕೆಳಗೆ ಬೇಸಿಗೆಯ ಸಂಜೆ ಕುಳಿತರೆ ಗಾಳಿ ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಅಲ್ಲಿಗೆ ಕಿಟಕಿಯೇ ಬೇಡ. ಆದರೆ ದೇವರಂತೆ ನಾವು ತೆರೆದ ಮಂಟಪದಲ್ಲಿ ಸಂಸಾರ ಮಾಡಲು ಆಗುತ್ತದೆಯೆ?

ಮನುಷ್ಯರ ಮನೆಗೆ ಬರೋಣ. ನಮ್ಮ ಕಡೆಯ ಹಳೆಯ ಮನೆಗಳ ಮಣ್ಣಿನ ಗೋಡೆ ಒಂದೂವರೆ, ಎರಡಡಿ ದಪ್ಪ. ಬೆಳಕು ಬರುತ್ತಿದ್ದುದು ಹೆಚ್ಚಾಗಿ ತೊಟ್ಟಿಯಿಂದ. ಬೀದಿಯ ಕಡೆ ಸಣ್ಣ ಕಿಟಕಿ. ಹಲಸು, ಹೊನ್ನೆ, ಅನುಕೂಲವಿದ್ದವರಿಗೆ ತೇಗದ ಚೌಕಟ್ಟು, ನಡುವೆ ಮರದ ಇಲ್ಲವೆ ಕಬ್ಬಿಣದ ಸರಳುಗಳು. ನಮ್ಮ ಮಾವನವರ ತಂದೆ ಕಟ್ಟಿಸಿದ ಈ ಮನೆಯ ಕಿಟಕಿಗಳಿಗೆ ನಾಲ್ಕು ರೆಕ್ಕೆ, ಕೆಳಗೆರಡು, ಮೇಲೆರಡು. ಕೆಳಗಿನವನ್ನು ಮುಚ್ಚಿ ಮೇಲಿನವನ್ನು ತೆರೆದರೆ ಗಾಳಿ ಬೆಳಕು ಬರುತ್ತದೆ, ಬೀದಿಯವರ ಕಣ್ಣು ಒಳಗೆ ಬೀಳುವುದಿಲ್ಲ. ಹದಿನೆಂಟು ತುಂಬುವ ಮೊದಲೇ ಸೊಸೆಯಾಗಿ ಬಂದ ಅತ್ತೆಯವರು ಅರಸೀಕೆರೆಯ ಪೇಟೆಯನ್ನು ಮೊದಲ ನಾಲ್ಕು ವರ್ಷ ನೋಡಿದ್ದು ಈ ಕಿಟಕಿಯಿಂದಲೇ ಅಂತೆ. ತೆಂಗಿನಕಾಯಿ ಗಾಡಿಗಳು, ರೈಲಿಳಿದು ಬರುವ ಜನ, ಸಂತೆಯ ದಿನದ ಗದ್ದಲ, ಎಲ್ಲವೂ ಎರಡು ಸರಳಿನ ನಡುವೆ. “ಆ ಕೆಳಗಿನ ರೆಕ್ಕೆ ತೆರೆಯೋಕೆ ನನಗೆ ಎರಡು ಮಕ್ಕಳಾಗಬೇಕಾಯ್ತು ಕಣೇ” ಎಂದು ಅವರು ಒಮ್ಮೆ ನಗುತ್ತಾ ಹೇಳಿದ್ದರು. ಬೇಲೂರಿನ ಜಾಲಂಧ್ರದ ಒಳಗಿನಿಂದ ನೋಡುವಾಗೆಲ್ಲ ನನಗೆ ಆ ಮಾತು ನೆನಪಿಗೆ ಬರುತ್ತದೆ.

ನಮ್ಮ ಸೀಮೆಯಲ್ಲಿ ಗಾಜು ಎಲ್ಲರ ಮನೆಗೆ ಬಂದದ್ದು ತೀರ ತಡವಾಗಿ. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಅರಸೀಕೆರೆ ಮೇಲೆ ಹರಿಹರದ ಕಡೆಗೆ ರೈಲು ಹಾದುಹೋಯಿತು. 1889ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿತ್ತು. ಆದರೆ ಎಷ್ಟೋ ಸಾಧಾರಣ ಮನೆಗಳಿಗೆ ಗಾಜು ಮೊದಲು ಬಂದದ್ದು ಕಿಟಕಿಗಲ್ಲ, ಮಾಡಿಗೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿ ಬಂತು. ಕಾಲಕ್ರಮದಲ್ಲಿ ಅದರ ಜೊತೆ ಅದೇ ಅಳತೆಯ ಗಾಜಿನ ಹೆಂಚೂ ಬಂತು. ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಕಳೆದುಕೊಳ್ಳುತ್ತಿದ್ದ ಹೆಂಗಸರಿಗೆ ಒಲೆಯ ಮೇಲೆ ಬೀಳುವ ಆ ಒಂದು ಚೌಕ ಬಿಸಿಲು ಎಷ್ಟು ದೊಡ್ಡ ಉಪಕಾರ! ಒಡೆದರೆ ಏಣಿ ಹಾಕಿ ಅದೊಂದು ಹೆಂಚನ್ನು ಬದಲಿಸಿದರೆ ಆಯಿತು, ಮಾಡು ಕೀಳಬೇಕಿಲ್ಲ.

ಕಾಕತಾಳೀಯ ನೋಡಿ, ಅದೇ 1865ರಲ್ಲಿ ಅತ್ತ ನ್ಯೂಯಾರ್ಕಿನಲ್ಲಿ ಥಾಮಸ್ ಸ್ಟೆಟ್ಸನ್ ಎಂಬಾತ ಎರಡು ಗಾಜುಗಳ ನಡುವೆ ಸ್ವಲ್ಪ ಅಂತರವಿಟ್ಟು ಅಂಚನ್ನು ಮುಚ್ಚುವ ವಿಧಾನಕ್ಕೆ ಪೇಟೆಂಟ್ ಪಡೆದ. 1930ರ ದಶಕದಿಂದ ಈಚೆಗೆ ಅಮೆರಿಕದಲ್ಲಿ ‘ಥರ್ಮೋಪೇನ್’ ಮುಂತಾದ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. 1973ರಲ್ಲಿ ಎಣ್ಣೆಯ ಬೆಲೆ ಏರಿ, ಮನೆ ಬೆಚ್ಚಗಿಡುವುದೇ ದುಬಾರಿಯಾದ ಮೇಲೆ ಯುರೋಪಿನ ಚಳಿದೇಶಗಳಲ್ಲಿ ಮನೆಮನೆಗೂ ಹರಡಿತು. ನಮ್ಮಲ್ಲಿಗೆ ಬೆಂಗಳೂರಿನ ಗಾಜಿನ ಕಚೇರಿಗಳು, ಅಪಾರ್ಟ್‌ಮೆಂಟುಗಳ ದಾರಿಯಾಗಿ ಬಂದು, ಈಗ ಯುಪಿವಿಸಿ ಚೌಕಟ್ಟಿನ ಜೊತೆ ತಾಲ್ಲೂಕು ಪಟ್ಟಣಗಳನ್ನೂ ತಲುಪಿದೆ.

ಅದರ ಒಳಗುಟ್ಟು ಸರಳ. ಎರಡು ಗಾಜುಗಳ ನಡುವೆ ಸುತ್ತಲೂ ಅಲ್ಯೂಮಿನಿಯಮ್ಮಿನ ಟೊಳ್ಳು ಪಟ್ಟಿ. ಆ ಟೊಳ್ಳಿನೊಳಗೆ ತೇವ ಹೀರುವ ಸಣ್ಣ ಹರಳುಗಳು. ಮಾತ್ರೆಯ ಡಬ್ಬಿಯೊಳಗೆ ‘ತಿನ್ನಬೇಡಿ’ ಎಂದು ಬರೆದ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದೇ ಜಾತಿಯವು. ಪಟ್ಟಿಗೂ ಗಾಜಿಗೂ ನಡುವೆ ಬ್ಯುಟೈಲ್ ಎಂಬ ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನಿನ ಎರಡನೆಯ ಅಂಟು. ನಡುವೆ ಇರುವುದು ನಿರ್ವಾತವೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ, ಒಣಗಾಳಿ ಇಲ್ಲವೆ ಆರ್ಗಾನ್ ಅನಿಲ. ನಿಂತ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಆದ್ದರಿಂದ ಒಂಟಿ ಗಾಜಿನಲ್ಲಿ ಹಾದುಹೋಗುವ ಶಾಖದಲ್ಲಿ ಸುಮಾರು ಅರ್ಧವಷ್ಟೇ ಇದರಲ್ಲಿ ಹಾಯುತ್ತದೆ.

ಗಾಜಿಗೆ ಮುಪ್ಪಿಲ್ಲ. ಮುಪ್ಪು ಬರುವುದು ಅಂಟಿಗೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ತಂಪಿಗೆ ಕುಗ್ಗುತ್ತದೆ. ದಿನವೂ ಹೀಗೆ ಉಸಿರಾಡಿ ಉಸಿರಾಡಿ ಅಂಚಿನ ಅಂಟು ಸಡಿಲಾಗುತ್ತದೆ. ಪಡುವಣ ಬಿಸಿಲು ಬೀಳುವ ಕಿಟಕಿಗೆ ಕಷ್ಟ ಹೆಚ್ಚು. ಚೌಕಟ್ಟಿನ ತಳದಲ್ಲಿ ಮಳೆನೀರು ನಿಂತರೆ ಅಂಟು ಇನ್ನೂ ಬೇಗ ಕೆಡುತ್ತದೆ. ನಮ್ಮಂಥ ಎತ್ತರದ ಊರುಗಳಿಗೆ ಇನ್ನೊಂದು ತಾಪತ್ರಯ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ, ಬೇಲೂರು ಇನ್ನೂ ಎತ್ತರ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ ಒಂಬತ್ತು, ಹತ್ತರಷ್ಟು ಕಡಿಮೆ. ಕಡಲ ಮಟ್ಟದ ಊರಿನಲ್ಲಿ ಸೀಲ್ ಮಾಡಿದ ಗಾಜನ್ನು ಇಲ್ಲಿಗೆ ತಂದರೆ ಒಳಗಿನ ಗಾಳಿ ಹೊರಗೆ ಒತ್ತುತ್ತಲೇ ಇರುತ್ತದೆ. ಮೇಲೆ ಹತ್ತಿದ ಬಸ್ಸಿನಲ್ಲಿ ಚಿಪ್ಸ್ ಪೊಟ್ಟಣ ಉಬ್ಬುವುದನ್ನು ನೀವು ನೋಡಿರಬಹುದು, ಅದೇ ಲೆಕ್ಕ.

ಅಂಟು ಎಲ್ಲಾದರೂ ಬಿರಿಯಿತೆನ್ನಿ. ತೇವದ ಗಾಳಿ ಒಳಗೆ ನುಗ್ಗುತ್ತದೆ. ಹರಳುಗಳು ಹೀರುವಷ್ಟು ಹೀರಿ ಸೋಲುತ್ತವೆ. ಆಮೇಲೆ ಒಂದು ಬೆಳಿಗ್ಗೆ ಎರಡು ಗಾಜುಗಳ ನಡುವೆ ಮಂಜು ಕಾಣಿಸುತ್ತದೆ. ನಮ್ಮ ಪರಿಚಯದ ಮೇಷ್ಟರೊಬ್ಬರ ಮನೆಯಲ್ಲಿ ಹೀಗೇ ಆಯಿತು. ಹಾಕಿಸಿದ ಏಳನೆಯ ವರ್ಷ. ಅವರ ಮನೆಯಾಕೆ ಒಳಗಿನಿಂದ ಒರೆಸಿದರು, ಹೊರಗಿನಿಂದ ಒರೆಸಿದರು, ವಿನೆಗರ್ ಹಾಕಿ ಉಜ್ಜಿದರು. ಕೈಗೆ ಸಿಕ್ಕದ ಕಡೆ ಇರುವ ಕೊಳೆಯನ್ನು ಯಾವ ಹೆಂಗಸು ತಾನೆ ಒರೆಸಿಯಾಳು? ನೆಂಟರ ಎದುರು ಆಕೆಗೆ ಅದೊಂದು ಸಂಕೋಚ, ತಾನೇ ಮನೆ ಚೊಕ್ಕಟ ಇಟ್ಟಿಲ್ಲವೆನ್ನುವ ಹಾಗೆ. ಹಾಕಿದ ಅಂಗಡಿ ಆ ಹೊತ್ತಿಗೆ ಮುಚ್ಚಿಹೋಗಿತ್ತು. ಬೇರೆ ಕಡೆ ಕೇಳಿದರೆ ಆ ಮಾದರಿಯ ಚೌಕಟ್ಟು ಈಗ ಬರುವುದಿಲ್ಲ, ಪೂರಾ ಕಿಟಕಿಯನ್ನೇ ಬದಲಿಸಿ ಎಂದರಂತೆ. ಚೆನ್ನಾಗಿ ಮಾಡಿದ ಸೀಲು ಇಪ್ಪತ್ತು ವರ್ಷ ದಾಟುವುದುಂಟು. ಹುಷಾರಿಲ್ಲದೆ ಮಾಡಿದ್ದು ಹತ್ತರೊಳಗೇ ಸೋಲುವುದೂ ಉಂಟು. ಎಂಟು ನೂರು ವರ್ಷವಂತೂ ಯಾರೂ ಹೇಳುವುದಿಲ್ಲ.

ಇಷ್ಟು ಕೇಳಿ ಹೊಸದೆಲ್ಲ ಕೆಟ್ಟದ್ದು ಎಂದುಕೊಳ್ಳಬೇಡಿ. ಹಳೆಯ ಮರದ ಕಿಟಕಿಯೂ ತಾನಾಗಿ ಬಾಳಿಲ್ಲ. ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಳ್ಳದ ರೆಕ್ಕೆ, ಬೇಸಿಗೆಯಲ್ಲಿ ಬಿರುಕು ಬಿಡುವ ಹಲಗೆ, ಚೌಕಟ್ಟಿನ ಬುಡದ ಗೆದ್ದಲು, ಇವುಗಳ ಹಿಂದೆ ಎಷ್ಟು ದುಡಿಮೆ! ನಮ್ಮ ಮನೆಯ ಕಿಟಕಿಗೆ ಎಂಬತ್ತು ವರ್ಷವಾಯಿತೆಂದು ಹೆಮ್ಮೆ ಪಡುತ್ತೇವೆ. ಆದರೆ ಆಚಾರ್ರು ಅದರ ತಳದ ಪಟ್ಟಿಯನ್ನು ಎರಡು ಸಲ ಬದಲಿಸಿದ್ದಾರೆ, ಕೀಲುಗಳನ್ನು ಎಷ್ಟು ಸಲವೋ. ಬಣ್ಣ, ಎಣ್ಣೆ ಲೆಕ್ಕಕ್ಕಿಲ್ಲ. ಒಂದು ಭಾಗ ಕೆಟ್ಟರೆ ಅದೊಂದನ್ನೇ ತೆಗೆದು ಸರಿಮಾಡಬಹುದು, ಮಾಡುವ ಕೈ ನಮ್ಮ ಊರಿನಲ್ಲೇ ಇದೆ. ಅದರ ದೀರ್ಘಾಯುಷ್ಯದ ಗುಟ್ಟು ಇಷ್ಟೇ. ಸೀಲ್ ಮಾಡಿದ ಗಾಜನ್ನು ಮಾತ್ರ ಬಿಚ್ಚಿ ರಿಪೇರಿ ಮಾಡುವಂತಿಲ್ಲ. ಅದನ್ನು ಬದಲಿಸಬಹುದು ಅಷ್ಟೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎಷ್ಟು ವರ್ಷ ಬರುತ್ತದೆ ಎನ್ನುವುದೊಂದೇ ಅಲ್ಲ. ಕೆಟ್ಟ ದಿನ ಯಾರು ಬರುತ್ತಾರೆ, ಏನನ್ನು ಬದಲಿಸುತ್ತಾರೆ, ಆ ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಮೊದಲೇ ಕೇಳಬೇಕು.

ನಮ್ಮ ಹವೆಗೆ ಇದು ಎಷ್ಟು ಬೇಕು ಎನ್ನುವುದು ಇನ್ನೊಂದು ಮಾತು. ಚಳಿದೇಶದವರು ಆರು ತಿಂಗಳು ಮನೆ ಕಾಯಿಸುತ್ತಾರೆ, ಅವರಿಗೆ ಉಳಿತಾಯವಿದೆ. ನಾವು ಮನೆ ಕಾಯಿಸುವವರಲ್ಲ, ನಮ್ಮ ಊರಿನ ಬಹುಪಾಲು ಮನೆಗಳಲ್ಲಿ ಎ.ಸಿ.ಯೂ ಇಲ್ಲ. ನೇರ ಬಿಸಿಲನ್ನು ಎರಡು ಗಾಜು ಹೆಚ್ಚೇನೂ ತಡೆಯುವುದಿಲ್ಲ, ಅದಕ್ಕೆ ಸಜ್ಜಾ, ಜಗಲಿ, ಹೊಂಗೆಯ ಮರವೇ ಬೇಕು. ಮುಚ್ಚಿದ ಕೋಣೆಯಲ್ಲಿ ಫ್ಯಾನು ಅದೇ ಗಾಳಿಯನ್ನು ತಿರುಗಿಸುತ್ತಿರುತ್ತದೆ. ಆದರೆ ಸದ್ದು, ಧೂಳುಗಳಿಗೆ ಸಂದಿಯಿಲ್ಲದ ಕಿಟಕಿಯಷ್ಟು ಒಳ್ಳೆಯ ಮದ್ದಿಲ್ಲ. ನಿದ್ದೆಯಿಲ್ಲದ ಮುದುಕಿಗೆ ಚರಿತ್ರೆಯ ಪಾಠ ಹೇಳಿ ಮಲಗಿಸಲಾಗುವುದಿಲ್ಲ.

ಕೊನೆಗೆ ನಾವು ಮಾಡಿದ್ದು ಹೀಗೆ. ಅತ್ತೆಯವರು ಮಲಗುವ, ರಸ್ತೆಗೆ ತಾಗಿದ ಕೋಣೆಯೊಂದಕ್ಕೆ ಮಾತ್ರ ಸೀಲ್ ಮಾಡಿದ ಕಿಟಕಿ, ಅದೂ ತೆರೆದು ಮುಚ್ಚುವಂಥದು. ಹಿತ್ತಿಲ ಕಡೆಯ ಕಿಟಕಿ ಗಾಳಿಗೆ ತೆರೆದೇ ಇರುತ್ತದೆ. ಉಳಿದವನ್ನು ಆಚಾರ್ರಿಂದ ಸರಿಮಾಡಿಸಿದೆವು. ಅತ್ತೆಯವರು ಈಗ ರಾತ್ರಿ ಒಂದು ಹೊತ್ತಾದರೂ ಎಚ್ಚರವಿಲ್ಲದೆ ಮಲಗುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಅವರ ಮೊದಲ ಕೆಲಸ ಆ ಕಿಟಕಿಯನ್ನು ತೆರೆಯುವುದು. ಸೊಪ್ಪಿನವಳ ಕೂಗು ಕೇಳದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ.

ನೀವೂ ಹಾಕಿಸುವುದಾದರೆ ಕೆಲವು ಮಾತು ನೆನಪಿರಲಿ. ಚೌಕಟ್ಟನ್ನು ಕೀಳದೆ ಗಾಜನ್ನಷ್ಟೇ ಬದಲಿಸಲು ಬರುತ್ತದೆಯೇ ಎಂದು ಕೇಳಿ, ಮಾಡಿ ತೋರಿಸಿ ಎನ್ನಿ. ಗಾಜಿನ ಅಳತೆ, ದಪ್ಪ, ನಡುವಿನ ಅಂತರ ಬರೆದಿಟ್ಟುಕೊಳ್ಳಿ. ಎತ್ತರದ ಊರಿಗೆ ಹೋಗುವ ಗಾಜೆಂದು ಮೊದಲೇ ತಿಳಿಸಿ. ಗ್ಯಾರಂಟಿ ಚೀಟಿಯಲ್ಲಿ ಗಾಜುಗಳ ನಡುವೆ ಮಂಜು ಕಟ್ಟಿದರೆ ಬದಲಿಸಿಕೊಡುವ ಮಾತು, ವರ್ಷದ ಲೆಕ್ಕ ಎರಡೂ ಬರವಣಿಗೆಯಲ್ಲಿರಲಿ. ಮೇಲೆ ಸಜ್ಜಾ ಇರಲಿ. ಚೌಕಟ್ಟಿನ ತಳದಲ್ಲಿ ನೀರು ಹರಿಯಲು ಬಿಟ್ಟಿರುವ ಸಣ್ಣ ತೂತುಗಳನ್ನು ಮಳೆಗಾಲಕ್ಕೆ ಮೊದಲು ಕಡ್ಡಿಯಿಂದ ಬಿಡಿಸಿ. ಮಂಜು ಕಂಡರೆ ಗಾಬರಿ ಬೇಡ, ಮೊದಲು ಬಟ್ಟೆಯಿಂದ ಎರಡೂ ಕಡೆ ಒರೆಸಿ ನೋಡಿ. ಹೋಗದಿದ್ದರೆ ಸೀಲು ಹೋಗಿದೆ ಎಂದು ತಿಳಿಯಿರಿ. ಆ ಕೊಳೆ ನಿಮ್ಮ ಕಸಬರಿಕೆಯ ತಪ್ಪಲ್ಲ.

ನಮ್ಮ ಆಚಾರ್ರ ಮಗ ನನ್ನ ಹಳೆಯ ವಿದ್ಯಾರ್ಥಿ. ಮರದ ಕೆಲಸ ಸಿಗುವುದಿಲ್ಲವೆಂದು ಯುಪಿವಿಸಿ ಕಿಟಕಿ ಜೋಡಿಸುವ ಕೆಲಸಕ್ಕೆ ಸೇರಿದ್ದಾನೆ. ಅಪ್ಪನಿಗೆ ಅದು ಬೇಸರ. ಕಳೆದ ತಿಂಗಳು ಆ ಮೇಷ್ಟರ ಮನೆಗೆ ಹೋಗಿ, ಚೌಕಟ್ಟಿನ ಒಳಗಿನ ಪಟ್ಟಿಯನ್ನು ಒಂದೂ ಮುರಿಯದೆ ಬಿಡಿಸಿ, ಅಳತೆ ತೆಗೆದುಕೊಂಡು, ಬೆಂಗಳೂರಿನಿಂದ ಹೊಸ ಗಾಜು ಮಾಡಿಸಿ ತಂದು ಕೂರಿಸಿದ. ಬಿಡಿಸುವಾಗ ಹಿಡಿದದ್ದು ಅಪ್ಪನ ಹಳೆಯ ಉಳಿಯನ್ನೇ. ಬಡಗಿ ಕೆಲಸ ಬಿಟ್ಟನೆಂದು ಅಪ್ಪ ಇನ್ನು ಬೈಯಲಾರರು.